ಅಳಿಯ ಲೈನ್‌ಬ್ಯಾಕರ್ ಕೋಚ್ ಅಂತೆ, ಏನು ಕೆಲಸ ಅದು?

ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಪ್ರಶ್ನೆ ಇದ್ದರೆ ಕಳಿಸಿ ಎಂದಿದ್ದೆ. ಆಟದ ನಿಯಮ ಕೇಳುತ್ತಾರೆ ಅಂದುಕೊಂಡಿದ್ದೆ. ಬಂದಿದ್ದೆಲ್ಲ ಹೊಟ್ಟೆಪಾಡಿನ ಪ್ರಶ್ನೆಗಳು. ಅದೂ ನಾಲ್ಕು ಪತ್ರಗಳಲ್ಲಿ ಮೂರು ಲೈನ್‌ಬ್ಯಾಕರ್ ಕೋಚ್ ಎಂಬ ಒಂದೇ ಹುದ್ದೆಯ ಸುತ್ತ! ಅಲ್ಲಿನ ಒಂದು ವಿಶ್ವವಿದ್ಯಾಲಯದ ತಂಡದಲ್ಲಿ ವಿಡಿಯೊ ವಿಭಾಗದಲ್ಲಿ 11 ವರ್ಷ ಕೆಲಸ ಮಾಡಿದವನು ನಾನು. ಕೋಚ್ ಅಲ್ಲ. ಆದರೆ ಕೋಚ್‌ಗಳು ನಿದ್ದೆಗೆಟ್ಟು ಕೂರುವ ಕೋಣೆಯಲ್ಲೇ ಕೂತಿದ್ದವನು.

ಪ್ರಶ್ನೆ: ನಾನು ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ. ಮೊಮ್ಮಗ ಟಿವಿಯಲ್ಲಿ ಈ ಆಟ ತೋರಿಸಿದ. ಹೆಸರು ಫುಟ್‌ಬಾಲ್, ಆಡೋದೆಲ್ಲ ಕೈಯಲ್ಲಿ! ಮುಖ್ಯ ಕೋಚ್ ಜೊತೆಗೆ ಹತ್ತಾರು ಕೋಚ್‌ಗಳಂತೆ, ಅದರಲ್ಲಿ ಲೈನ್‌ಬ್ಯಾಕರ್‌ಗಳಿಗೇ ಒಬ್ಬನಂತೆ. ಮೈದಾನದಲ್ಲಿರುವ ಮೂರು ಜನಕ್ಕೆ ಒಬ್ಬ ಕೋಚ್ ಯಾಕೆ? ದಿನವಿಡೀ ಏನು ಹೇಳಿಕೊಡುತ್ತಾನೆ?
– ಶಿವಮೊಗ್ಗ

ಮೇಷ್ಟ್ರೇ, ಕಬಡ್ಡಿ ಕಲಿಸಿದ್ದೀರಲ್ವಾ? ಹಾಗಾದರೆ ಅರ್ಧ ಕೆಲಸ ಆಯಿತು. ರೈಡರ್ ಬಂದಾಗ ಹೊಸ ಹುಡುಗ ಅವನ ಕೈ ನೋಡಿ ಮೋಸ ಹೋಗುತ್ತಾನೆ. ಪಳಗಿದವನು ಸೊಂಟ ನೋಡುತ್ತಾನೆ, ಕಾಲು ನೋಡುತ್ತಾನೆ. ಲೈನ್‌ಬ್ಯಾಕರ್ ಕೋಚ್ ಕಲಿಸುವುದು ಹೆಚ್ಚುಕಡಿಮೆ ಇದನ್ನೇ.

ತಡೆಯುವ ತಂಡದ 11 ಜನ ಮೂರು ಪದರವಾಗಿ ನಿಲ್ಲುತ್ತಾರೆ. ಮುಂದೆ ದಢೂತಿ ಆಳುಗಳು, ತೀರಾ ಹಿಂದೆ ಓಟಗಾರರು. ನಡುವಿನ ಪದರ ಲೈನ್‌ಬ್ಯಾಕರ್‌ಗಳದ್ದು. ಮುಂದಿನವರಷ್ಟು ಗಟ್ಟಿಯಾಗಿ ಗುದ್ದಬೇಕು, ಹಿಂದಿನವರ ಹಾಗೆ ಓಡಲೂಬೇಕು. ನಡುವೆ ನಿಲ್ಲುವವನನ್ನು ಮೈಕ್ ಅಂತಾರೆ, ಎದುರಾಳಿಯ ಬಲ ಜಾಸ್ತಿ ಇರುವ ಕಡೆಯವನು ಸ್ಯಾಮ್, ಇನ್ನೊಂದು ಕಡೆಯವನು ವಿಲ್. ಹುಡುಗರ ಸ್ವಂತ ಹೆಸರು ಏನೇ ಇರಲಿ, ಕೋಚ್ ಬಾಯಲ್ಲಿ ಬರುವುದು ಇವೇ.

ಹೊಸ ಹುಡುಗನಿಗೆ ಮೊದಲ ಪಾಠ: ಚೆಂಡು ನೋಡಬೇಡ, ಎದುರಿನ ಸಾಲಿನಲ್ಲಿ ದಾರಿ ಬಿಡಿಸಲು ನಿಂತಿರುವ ಗಾರ್ಡ್‌ನ ಮೊದಲ ಹೆಜ್ಜೆ ನೋಡು. ಅವನು ಮುಂದಕ್ಕೆ ನುಗ್ಗಿದರೆ ಎದುರಾಳಿ ಚೆಂಡು ಹಿಡಿದು ಓಡುತ್ತಾನೆ. ಹಿಂದಕ್ಕೆ ಸರಿದು ನೆಟ್ಟಗಾದರೆ ಎದುರಾಳಿ ಚೆಂಡು ಎಸೆಯುತ್ತಾನೆ. ಪಕ್ಕಕ್ಕೆ ಹೊರಟನೋ, ಆಟ ಆ ಕಡೆಗೆ. ಹೇಳುವುದು ಇಷ್ಟು ಸುಲಭ. ಈಚೆಗೆ ಇದನ್ನೂ ಕೆಡಿಸಿದ್ದಾರೆ. ಆರ್‌ಪಿಒ (ರನ್ ಪಾಸ್ ಆಪ್ಷನ್, ಓಟವೋ ಎಸೆತವೋ ಕೊನೇ ಗಳಿಗೆಯಲ್ಲಿ ತೀರ್ಮಾನ) ಅಂತ ಒಂದು ಆಟ ಬಂದಿದೆ. ಅದರಲ್ಲಿ ಗಾರ್ಡ್ ಓಟದ ಹೆಜ್ಜೆಯನ್ನೇ ಇಡುತ್ತಾನೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮಾತ್ರ ಒಬ್ಬ ಲೈನ್‌ಬ್ಯಾಕರ್‌ನ ಮೇಲೆ ಕಣ್ಣಿಟ್ಟಿರುತ್ತಾನೆ. ಇವನು ಮುಂದೆ ಬಂದರೆ ಇವನ ಬೆನ್ನ ಹಿಂದೆ ಎಸೆತ, ನಿಂತಲ್ಲೇ ನಿಂತರೆ ಓಟ. ಏನು ಮಾಡಿದರೂ ತಪ್ಪೇ! ಆ ತಪ್ಪನ್ನು ಅರ್ಧ ಹೆಜ್ಜೆ ತಡವಾಗಿ ಮಾಡುವುದು ಹೇಗೆ ಅಂತ ಕಲಿಸಲು ಒಬ್ಬ ಕೋಚ್ ಬೇಕೇ ಬೇಕು. ಒಂದೇ ತುಣುಕನ್ನು ಹಿಂದೆ ಮುಂದೆ ಮಾಡಿ ಇಪ್ಪತ್ತು ಸಲ ಹಾಕಿಸಿಕೊಂಡು ನೋಡಿದವರಿದ್ದಾರೆ. ರಿಮೋಟ್ ಹಿಡಿದಿದ್ದವನು ನಾನೇ.

ಇನ್ನು, ಮೈದಾನದಲ್ಲಿ ಮೂರೇ ಜನ ಇದ್ದರೂ ತಂಡದಲ್ಲಿ ನೂರರ ಆಸುಪಾಸು ಹುಡುಗರಿರುತ್ತಾರೆ. ಲೈನ್‌ಬ್ಯಾಕರ್ ಕೋಣೆಯಲ್ಲೇ ಹತ್ತು ಹದಿನೈದು ಜನ. ಸೀಸನ್‌ನಲ್ಲಿ ಆಟಗಾರರ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆಯ ಮಿತಿ ಇದೆ. ಕೋಚ್‌ಗೆ ಯಾವ ಮಿತಿಯೂ ಇಲ್ಲ. ಶನಿವಾರ ಪಂದ್ಯ. ಭಾನುವಾರ ಅದರ ತಪ್ಪುಗಳ ಲೆಕ್ಕ, ಸೋಮವಾರದಿಂದ ಮುಂದಿನ ಎದುರಾಳಿ. ರಾತ್ರಿ ಊಟ ಆದಮೇಲೆ ಯಾವುದೋ ಊರಿನ 17 ವರ್ಷದ ಹುಡುಗನಿಗೆ ಫೋನ್: ‘ನಮ್ಮ ಕಾಲೇಜಿಗೆ ಬಾ’ ಅಂತ. ಆ ಹುಡುಗನಿಗಿಂತ ಅವನ ತಾಯಿಯ ಜೊತೆ ಮಾತು ಜಾಸ್ತಿ. ಇದಕ್ಕೆ ರಿಕ್ರೂಟಿಂಗ್ ಎನ್ನುತ್ತಾರೆ. ಒಳ್ಳೆಯ ಹುಡುಗರನ್ನು ಕರೆತರಲಾರದವನು ಎಷ್ಟೇ ಚೆನ್ನಾಗಿ ಪಾಠ ಮಾಡಿದರೂ ಜಾಸ್ತಿ ದಿನ ಉಳಿಯಲ್ಲ.

ಒಂದು ಸಣ್ಣ ಹೊಸ ಸಂಗತಿ. 2024ರಿಂದ ದೊಡ್ಡ ತಂಡಗಳಲ್ಲಿ ತಡೆಯುವ ಕಡೆಯ ಒಬ್ಬ ಆಟಗಾರನ ಹೆಲ್ಮೆಟ್ಟಿನಲ್ಲಿ ಕೋಚ್ ಮಾತು ಕೇಳಿಸುವ ವ್ಯವಸ್ಥೆ ಬಂದಿದೆ. ಹೆಲ್ಮೆಟ್ ಮೇಲೆ ಹಸಿರು ಚುಕ್ಕಿ ಇರುತ್ತದೆ. ಹೆಚ್ಚಾಗಿ ಅದು ಮೈಕ್‌ದೇ. ಪ್ರತಿ ಸಲ ಆಟ ಶುರು ಮಾಡಲು ಕೊಡುವ ಸಮಯದ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ದನಿ ಕಟ್. ಆಮೇಲೆ ಹುಡುಗನ ತಲೆಯಲ್ಲಿ ಏನಿದೆಯೋ ಅಷ್ಟೇ.

ಪ್ರಶ್ನೆ: ನಾವು ಒಹಾಯೋದ ಕೊಲಂಬಸ್ ಹತ್ತಿರ ಇದ್ದೇವೆ. ಮಗ ಹೈಸ್ಕೂಲಿನಲ್ಲಿ ಲೈನ್‌ಬ್ಯಾಕರ್ ಆಗಿದ್ದ, ಕಾಲೇಜು ತಂಡಕ್ಕೆ ಆಯ್ಕೆ ಆಗಲಿಲ್ಲ. ಮುಂದಿನ ವರ್ಷ ಡಿಗ್ರಿ ಮುಗಿಯುತ್ತೆ. ‘ಕೋಚ್ ಆಗ್ತೀನಿ’ ಅಂತ ಹಟ ಹಿಡಿದಿದ್ದಾನೆ. ಅವರಪ್ಪ ಮಾತು ಬಿಟ್ಟಿದ್ದಾರೆ. ಕಾಲೇಜಲ್ಲಿ ಆಡದೇ ಇದ್ದವನನ್ನು, ಅದೂ ನಮ್ಮ ಮುಖದವನನ್ನು ಯಾರು ತಗೋತಾರೆ? ಹೊಟ್ಟೆ ತುಂಬುತ್ತಾ?
– ಒಬ್ಬ ತಾಯಿ

ಅಕ್ಕ, ಮೊದಲು ಹೊಟ್ಟೆಯ ವಿಷಯ. ಶುರುವಿನಲ್ಲಿ ತುಂಬಲ್ಲ. ಮೊದಲ ಮೆಟ್ಟಿಲು ಗ್ರಾಜುಯೇಟ್ ಅಸಿಸ್ಟೆಂಟ್, ಎಲ್ಲರ ಬಾಯಲ್ಲಿ ಜಿಎ. ಮಾಸ್ಟರ್ಸ್ ಓದಿನ ಫೀಸು ಕಾಲೇಜಿನದು, ಕೈಗೆ ಒಂದಿಷ್ಟು ಪುಡಿಗಾಸು. ಎದುರಾಳಿಯ ಆಟಗಳನ್ನು ಕಾರ್ಡಿನ ಮೇಲೆ ಬರೆಯುವುದು, ವಿಡಿಯೊ ಕತ್ತರಿಸುವುದು, ವಿಮಾನ ನಿಲ್ದಾಣದಿಂದ ಅತಿಥಿಗಳನ್ನು ಕರೆತರುವುದು, ಎಲ್ಲ ಅವನ ತಲೆಗೇ. ನಾನಿದ್ದ ಕಡೆ ಜಿಎ ಹುಡುಗರು ಬೆಳಿಗ್ಗೆ ಐದಕ್ಕೆ ಬಂದರೆ ರಾತ್ರಿ ಹನ್ನೊಂದಕ್ಕೂ ಅಲ್ಲೇ. ಒಬ್ಬ ಸೋಫಾ ಮೇಲೇ ಒಂದು ಸೀಸನ್ ಕಳೆದ.

ಇದು ಆಡದವರಿಗೆ ಮಾತ್ರ ಇರುವ ಕಷ್ಟ ಅಂದುಕೊಳ್ಳಬೇಡಿ. ನಿಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ಜೇಮ್ಸ್ ಲಾರಿನೈಟಿಸ್ ಹೆಸರು ನಿಮ್ಮ ಮಗನಿಗೆ ಬಾಯಿಪಾಠ ಇರುತ್ತದೆ. ಒಹಾಯೋ ಸ್ಟೇಟ್ ತಂಡದ ಲೈನ್‌ಬ್ಯಾಕರ್. 2007ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಲೈನ್‌ಬ್ಯಾಕರ್‌ಗೆ ಸಿಗುವ ಬಟ್ಕಸ್ ಪ್ರಶಸ್ತಿ ಗೆದ್ದವರು. ಆಮೇಲೆ 2016ರವರೆಗೆ ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಡಿದರು. ಅಂಥವರು 2022ರಲ್ಲಿ ಕೋಚಿಂಗ್‌ಗೆ ಬಂದಾಗ ಕೂತದ್ದು ಎಲ್ಲಿ? ನೋಟ್ರ ಡೇಮ್ ವಿಶ್ವವಿದ್ಯಾಲಯದಲ್ಲಿ ಜಿಎ ಕುರ್ಚಿಯಲ್ಲಿ. ಮರುವರ್ಷ ಒಹಾಯೋ ಸ್ಟೇಟ್‌ಗೆ ವಾಪಸ್, ಅಲ್ಲೂ ಜಿಎ. 2024ರಲ್ಲಿ ಪೂರ್ತಿ ಲೈನ್‌ಬ್ಯಾಕರ್ ಕೋಚ್ ಆದರು.

ಅವರಿಗೆ ನೋಟ್ರ ಡೇಮ್‌ನಲ್ಲಿ ಬಾಗಿಲು ತೆರೆದವರು ಮಾರ್ಕಸ್ ಫ್ರೀಮನ್. ಇಬ್ಬರೂ ಒಹಾಯೋ ಸ್ಟೇಟ್‌ನಲ್ಲಿ ಅಕ್ಕಪಕ್ಕ ನಿಂತು ಆಡಿದ ಲೈನ್‌ಬ್ಯಾಕರ್‌ಗಳು. ಹೃದಯದ ತೊಂದರೆಯಿಂದ ಫ್ರೀಮನ್ ಆಟ ಬೇಗ ನಿಂತುಹೋಯಿತು. 2010ರಲ್ಲಿ ಒಹಾಯೋ ಸ್ಟೇಟ್‌ನಲ್ಲೇ ಜಿಎ ಆದರು. 2011ರ ಸೀಸನ್‌ಗೆ ಅಲ್ಲಿನ ಸಹಾಯಕ ಕೋಚ್ ಡ್ಯಾರೆಲ್ ಹೇಝಲ್ ಅವರಿಗೆ ಕೆಂಟ್ ಸ್ಟೇಟ್‌ನಲ್ಲಿ ಮುಖ್ಯ ಕೋಚ್ ಕೆಲಸ ಸಿಕ್ಕಿತು. ಫ್ರೀಮನ್ ಅಲ್ಲಿ ಲೈನ್‌ಬ್ಯಾಕರ್ ಕೋಚ್. 2013ರಲ್ಲಿ ಹೇಝಲ್ ಪರ್ಡ್ಯೂಗೆ ಹೋದರು, ಫ್ರೀಮನ್ ಕೂಡ ಹೋದರು. 2016ರ ಸೀಸನ್ ನಡುವೆಯೇ ಹೇಝಲ್ ಕೆಲಸ ಹೋಯಿತು. ಆಗ ಕೈ ಹಿಡಿದವರು ಲ್ಯೂಕ್ ಫಿಕೆಲ್. ಫ್ರೀಮನ್, ಲಾರಿನೈಟಿಸ್ ಇಬ್ಬರಿಗೂ ಹುಡುಗರಾಗಿದ್ದಾಗ ಲೈನ್‌ಬ್ಯಾಕರ್ ಪಾಠ ಹೇಳಿದವರು ಅವರೇ! ಸಿನ್ಸಿನಾಟಿಗೆ ಮುಖ್ಯ ಕೋಚ್ ಆಗಿ ಹೊರಟಿದ್ದ ಫಿಕೆಲ್ ಹಳೆಯ ಶಿಷ್ಯನನ್ನು ಕರೆದು ಇಡೀ ಡಿಫೆನ್ಸ್ ಕೈಗೆ ಕೊಟ್ಟರು. 2021ರಲ್ಲಿ ನೋಟ್ರ ಡೇಮ್, ಆ ವರ್ಷದ ಡಿಸೆಂಬರಿನಲ್ಲೇ ಅಲ್ಲಿನ ಮುಖ್ಯ ಕೋಚ್ ಪಟ್ಟ. ಜನವರಿ 20, 2025ರಂದು ರಾಷ್ಟ್ರೀಯ ಫೈನಲ್. ಒಂದು ಕಡೆ ಫ್ರೀಮನ್ ತಂಡ, ಇನ್ನೊಂದು ಕಡೆ ಲಾರಿನೈಟಿಸ್ ಇದ್ದ ಒಹಾಯೋ ಸ್ಟೇಟ್. 34–23ರಿಂದ ನಿಮ್ಮೂರಿನವರು ಗೆದ್ದರು. ನಿಮ್ಮ ಬೀದಿಯಲ್ಲೂ ಅವತ್ತು ಗಲಾಟೆ ಆಗಿರಬೇಕು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಈ ಕಥೆಯಲ್ಲಿ ಎಲ್ಲೂ ‘ಜಾಹೀರಾತು ನೋಡಿ ಅರ್ಜಿ ಹಾಕಿದರು’ ಅನ್ನುವ ಮಾತು ಬಂದಿಲ್ಲ, ಗಮನಿಸಿದಿರಾ? ನಮ್ಮ ಕಡೆ ಅಡುಗೆ ಭಟ್ಟರ ತಂಡ ಕಟ್ಟುವ ಹಾಗೆ. ಮುಖ್ಯಸ್ಥ ಒಪ್ಪಿಕೊಂಡ ಮೇಲೆ ತನ್ನ ಕೈಕೆಳಗೆ ದುಡಿದವರನ್ನೇ ಕೂಗುತ್ತಾನೆ. ಹಾಗಾಗಿ ಮಗ ಎಲ್ಲಿ ಸೇರುತ್ತಾನೆ ಅನ್ನುವುದಕ್ಕಿಂತ ಯಾರ ಕೈಕೆಳಗೆ ಸೇರುತ್ತಾನೆ ಅನ್ನುವುದನ್ನು ನೋಡಿ.

ಆಡದವನನ್ನು ತಗೋತಾರಾ? ಜಾರ್ಜಿಯಾ ವಿಶ್ವವಿದ್ಯಾಲಯ ತಂಡದ ಗ್ಲೆನ್ ಶೂಮನ್ ಕಾಲೇಜಿನಲ್ಲಿ ಆಡಿದವರಲ್ಲ. ಅಲಬಾಮಾದಲ್ಲಿ ಓದುತ್ತಲೇ ಅಲ್ಲಿ ಮುಖ್ಯ ಕೋಚ್ ಆಗಿದ್ದ ನಿಕ್ ಸೇಬನ್ ತಂಡದಲ್ಲಿ ವಿದ್ಯಾರ್ಥಿ ಸಹಾಯಕರಾಗಿ ಶುರು ಮಾಡಿದರು. 2016ರಲ್ಲಿ ಅಲ್ಲಿಂದ ಜಾರ್ಜಿಯಾಗೆ ಮುಖ್ಯ ಕೋಚ್ ಆಗಿ ಹೊರಟ ಕರ್ಬಿ ಸ್ಮಾರ್ಟ್ ಜೊತೆ ಹೋಗಿ ಲೈನ್‌ಬ್ಯಾಕರ್ ಕೋಚ್ ಆದರು. ಅವರ ಕೈಯಲ್ಲಿ ಪಳಗಿದ ರೊಕ್ವಾನ್ ಸ್ಮಿತ್ 2017ರಲ್ಲಿ, ನಕೋಬಿ ಡೀನ್ 2021ರಲ್ಲಿ ಅದೇ ಬಟ್ಕಸ್ ಪ್ರಶಸ್ತಿ ಗೆದ್ದರು. ಶೂಮನ್ ತಂದೆಯೂ ಈ ಲೋಕದವರೇ ಅನ್ನುವುದನ್ನು ಮುಚ್ಚಿಡಲ್ಲ. ನಿಮ್ಮ ಮಗನಿಗೆ ಆ ಅನುಕೂಲ ಇಲ್ಲ. ಮುಖದ ವಿಷಯ ಕೇಳಿದಿರಿ. ಫ್ರೀಮನ್ ತಂದೆ ಕಪ್ಪು ಜನಾಂಗದವರು, ತಾಯಿ ಕೊರಿಯಾದವರು. ಆ ಫೈನಲ್ ತಲುಪಿದ ಮೊದಲ ಕಪ್ಪು ಮುಖ್ಯ ಕೋಚ್ ಅವರು, ಮೊದಲ ಏಷ್ಯನ್ ಅಮೆರಿಕನ್ನೂ ಅವರೇ. ಅದೂ 2025ರಲ್ಲಿ. ಬಾಗಿಲು ತೆರೆದಿದೆ, ತಡವಾಗಿ.

ಈಗ ಮಾಡಬೇಕಾದ್ದು: ಡಿಗ್ರಿ ಮುಗಿಯುವವರೆಗೆ ಕಾಯದೆ ಅವನ ಕಾಲೇಜಿನ ಫುಟ್‌ಬಾಲ್ ಆಫೀಸಿನ ಬಾಗಿಲು ತಟ್ಟಲಿ. ನೀರಿನ ಬಾಟಲಿ ಹೊರುವ ಕೆಲಸ ಕೊಟ್ಟರೂ ಒಪ್ಪಲಿ. ಜೊತೆಗೆ ಶಾಲಾ ಶಿಕ್ಷಕರ ಪರವಾನಗಿ ಪಡೆಯುವ ದಾರಿಯನ್ನೂ ನೋಡಿಕೊಳ್ಳಲಿ. ಹೈಸ್ಕೂಲುಗಳಲ್ಲಿ ಪಾಠ ಮಾಡುತ್ತಲೇ ಕೋಚ್ ಆಗಿರುವವರು ಬೇಕಾದಷ್ಟು ಜನ. ಅದೇನೂ ಸೋಲಲ್ಲ. ಮೇಲಿನ ಹಂತದಲ್ಲಿ ಇರುವುದು ಸುಮಾರು 135 ತಂಡ. ತಂಡಕ್ಕೆ ಒಬ್ಬರೋ ಇಬ್ಬರೋ ಲೈನ್‌ಬ್ಯಾಕರ್ ಕೋಚ್. ಇಡೀ ದೇಶಕ್ಕೆ 300 ಕುರ್ಚಿಯೂ ಇಲ್ಲ. ತುದಿಯಲ್ಲಿರುವ ಸಹಾಯಕ ಕೋಚ್‌ಗಳು ವರ್ಷಕ್ಕೆ 10 ಲಕ್ಷ ಡಾಲರ್ ದಾಟುತ್ತಾರೆ, ನಿಜ. ಆ ಸಂಬಳ ತೋರಿಸಿ ಅವರಪ್ಪನನ್ನು ಒಪ್ಪಿಸಲು ಹೋಗಬೇಡಿ. ಲೆಕ್ಕ ಗೊತ್ತಿರುವ ಮನುಷ್ಯ ಆಗಿದ್ದರೆ ಇನ್ನೂ ಸಿಟ್ಟಾಗುತ್ತಾರೆ.

ಪ್ರಶ್ನೆ: ಬೆಂಗಳೂರಿನಲ್ಲಿ ಡೇಟಾ ಸೈನ್ಸ್ ಓದುತ್ತಿದ್ದೇನೆ. ಮಾಸ್ಟರ್ಸ್‌ಗೆ ಅಮೆರಿಕಕ್ಕೆ ಹೋಗಿ ಕಾಲೇಜು ಫುಟ್‌ಬಾಲ್ ತಂಡದಲ್ಲಿ ಕೆಲಸ ಮಾಡಬಹುದಾ?
– ವಿದ್ಯಾರ್ಥಿನಿ

ಕೋಚ್ ಆಗಿ ಕಷ್ಟ. ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಜಿಎ ಕೆಲಸ ಅದರಲ್ಲಿ ಮುಗಿಯುವಂಥದ್ದಲ್ಲ. ಆದರೆ ವಿಡಿಯೊ ಮತ್ತು ಅಂಕಿ ಅಂಶದ ಕೋಣೆಗೆ ನಿಮ್ಮಂಥವರು ಬೇಕು. ‘ಮೂರನೇ ಪ್ರಯತ್ನ, ಏಳು ಗಜ ಬಾಕಿ, ಈ ಎದುರಾಳಿ ಏನು ಮಾಡುತ್ತಾನೆ?’ ಅಂತ ಕೋಚ್ ಕೇಳಿದಾಗ ಥಟ್ ಅಂತ ಹೇಳುವವರಿಗೆ ಬೆಲೆ ಇದೆ. ಸೇರುವ ಮುಂಚೆ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಸುಮ್ನೆ ‘ವಾಲಂಟಿಯರ್ ಆಗಿ ಬಾ’ ಅಂದರೆ ಹೋಗಬೇಡಿ.

ಪ್ರಶ್ನೆ: ಮಗಳು ಅಮೆರಿಕದಲ್ಲಿ ಇಂಜಿನಿಯರ್. ಅಲ್ಲಿಯವನೇ ಒಬ್ಬ ಹುಡುಗನನ್ನು ಮೆಚ್ಚಿದ್ದಾಳೆ. ಕಾಲೇಜಿನ ಲೈನ್‌ಬ್ಯಾಕರ್ ಕೋಚ್ ಅಂತೆ. ಹುಡುಗ ಒಳ್ಳೆಯವನು, ಫೋನಿನಲ್ಲಿ ನಮಸ್ಕಾರ ಅನ್ನುತ್ತಾನೆ. ಆದರೆ ಐದು ವರ್ಷದಲ್ಲಿ ಮೂರು ಕಡೆ ಕೆಲಸ ಬದಲಾಗಿದೆ. ಏನಾದರೂ ಐಬು ಇರಬಹುದಾ?
– ಮೈಸೂರು

ಸರ್, ಐಬು ಹುಡುಗನದ್ದಲ್ಲ, ವೃತ್ತಿಯದ್ದು. ಮೇಲೆ ಫ್ರೀಮನ್ ಲೆಕ್ಕ ನೋಡಿ: 11 ವರ್ಷದಲ್ಲಿ ಐದು ಕಾಲೇಜು. ಅದು ಗೆದ್ದವರ ಲೆಕ್ಕ! ಮುಖ್ಯ ಕೋಚ್‌ನನ್ನು ತೆಗೆದರೆ ಅವನ ಕೈಕೆಳಗಿನವರೂ ಸಾಮಾನ್ಯವಾಗಿ ಮನೆಗೆ. ಅವನಿಗೆ ಬಡ್ತಿ ಸಿಕ್ಕರೂ ಪೆಟ್ಟಿಗೆ ಕಟ್ಟಬೇಕು. ಮೂರು ಸಲ ಬದಲಾದಾಗಲೂ ಹಳೆಯ ಪರಿಚಯದವರೇ ಕರೆದಿದ್ದರೆ ಅದು ಒಳ್ಳೆಯ ಗುರುತು. ಪ್ರತಿ ಸಲ ಹೊಸಬರಾದರೆ ಮಾತ್ರ ಸ್ವಲ್ಪ ವಿಚಾರಿಸಿ.

ಮಗಳಿಗೆ ಮೂರು ಮಾತು ಕೇಳಲು ಹೇಳಿ. ಒಪ್ಪಂದ ಎಷ್ಟು ವರ್ಷದ್ದು? ನಡುವೆ ತೆಗೆದರೆ ಉಳಿದ ಹಣ ಕೊಡುತ್ತಾರಾ? ಬೇರೆ ಕಡೆ ಕೆಲಸ ಸಿಕ್ಕ ತಕ್ಷಣ ಅದರಲ್ಲಿ ಕಡಿತ ಮಾಡುತ್ತಾರಾ? ಇದನ್ನು ಕೇಳಲು ನಾಚಿಕೆ ಬೇಡ, ಅಲ್ಲಿ ಎಲ್ಲರೂ ಕೇಳುತ್ತಾರೆ. ಅವಳ ಕೆಲಸ ಯಾವ ಊರಿನಿಂದ ಬೇಕಾದರೂ ಮಾಡುವಂಥದ್ದಾದರೆ ಅರ್ಧ ಚಿಂತೆ ಕಳೆಯಿತು. ಮನೆ ಕೊಳ್ಳುವ ಆತುರ ಬೇಡ, ಬಾಡಿಗೆಗೆ ಇರಲಿ. ಗೌರಿ ಹಬ್ಬದಿಂದ ದೀಪಾವಳಿವರೆಗೆ ಅಳಿಯನ ಮುಖ ಕಾಣಲ್ಲ, ಅದಕ್ಕೂ ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಮದುವೆ ದಿನದ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಎಡವಿದವರನ್ನು ನೋಡಿದ್ದೇನೆ. ಆಗಸ್ಟ್‌ನಿಂದ ಡಿಸೆಂಬರ್ ಆಟ. ಡಿಸೆಂಬರಿನಲ್ಲೇ ಹೊಸ ಹುಡುಗರ ಸಹಿ. ಜನವರಿ ರಸ್ತೆಯ ಮೇಲೆ. ಮಾರ್ಚ್, ಏಪ್ರಿಲ್ ವಸಂತದ ಅಭ್ಯಾಸ. ಮೇನಲ್ಲಿ ಮತ್ತೆ ಹೈಸ್ಕೂಲು ಸುತ್ತಾಟ, ಜೂನ್ ತುಂಬ ಶಿಬಿರ. ಕೋಚ್‌ಗಳು ನಿರಾಳವಾಗಿ ಉಸಿರಾಡುವುದು ಜುಲೈನಲ್ಲಿ. ನಮಗೋ ಅದು ಆಷಾಢ! ಉಳಿದದ್ದು ಫೆಬ್ರವರಿ. ರಿಕ್ರೂಟಿಂಗ್‌ಗೆ ಆ ತಿಂಗಳ ಬಹುಪಾಲು ತಡೆ ಇರುತ್ತದೆ, ನಮ್ಮ ಕಡೆ ಮಾಘ ಮಾಸ. ಜೋಯಿಸರ ಹತ್ತಿರ ಆ ತಿಂಗಳ ಮುಹೂರ್ತವನ್ನೇ ನೋಡಿಸಿ.