ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇವೆ, ಅಲ್ಲಿ ಕಾಯಿಲೆ ಬಿದ್ದರೆ?

ಪ್ರಶ್ನೆ: ನನಗೆ 62 ವರ್ಷ, ಯಜಮಾನರಿಗೆ 68. ಮಗಳ ಬಾಣಂತನಕ್ಕೆಂದು ಮುಂದಿನ ತಿಂಗಳು ನ್ಯೂಜೆರ್ಸಿಗೆ ಹೊರಟಿದ್ದು, ಐದು ತಿಂಗಳು ಅಲ್ಲಿರುತ್ತೇವೆ. ಯಜಮಾನರಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಇವೆ, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿದ್ದೇವೆ. ವಿಮೆ ಏಜೆಂಟರು ‘ಎಲ್ಲವೂ ಕವರ್ ಆಗುತ್ತದೆ’ ಎನ್ನುತ್ತಾರೆ. ಅಳಿಯಂದಿರು ‘ಇಲ್ಲಿ ಆಸ್ಪತ್ರೆಗೆ ಕಾಲಿಟ್ಟರೆ ಮುಗಿಯಿತು’ ಎಂದು ಹೆದರಿಸುತ್ತಾರೆ. ಏನು ಸಿದ್ಧತೆ ಮಾಡಿಕೊಳ್ಳಬೇಕು?
– ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ವೈದ್ಯರ ಉತ್ತರ: ಏಜೆಂಟರ ಮಾತನ್ನು ಬದಿಗಿಟ್ಟು, ಪಾಲಿಸಿಯ ಪತ್ರದಲ್ಲಿ ‘ಪ್ರೀ-ಎಕ್ಸಿಸ್ಟಿಂಗ್ ಡಿಸೀಸ್’ ಎಂಬಲ್ಲಿ ಏನು ಬರೆದಿದೆ ಎಂಬುದನ್ನು ಮೊದಲು ಓದಿ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಯ ಖರ್ಚನ್ನು ಹಲವು ಪ್ರವಾಸ ವಿಮೆಗಳು ಕೊಡುವುದೇ ಇಲ್ಲ. ಕೆಲವು ಪ್ರಾಣಾಪಾಯವಿದ್ದಾಗ ಮಾತ್ರ, ಅದೂ ಒಂದು ಮಿತಿಯವರೆಗೆ ಕೊಡುತ್ತವೆ. ಕಡಿಮೆ ಕಂತಿನ ಕೆಲವು ಪಾಲಿಸಿಗಳಲ್ಲಿ ಕೊಠಡಿಗೆ ಇಷ್ಟು, ವೈದ್ಯರ ಭೇಟಿಗೆ ಇಷ್ಟು ಎಂದು ಮೊತ್ತ ನಿಗದಿಯಾಗಿರುತ್ತದೆ. ಉಳಿದದ್ದನ್ನು ನೀವೇ ಕಟ್ಟಬೇಕು. ಕಂತು ಹೆಚ್ಚಾದೀತೆಂದು ಸ್ಟೆಂಟ್ ವಿಷಯವನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ, ಏಕೆಂದರೆ ಕ್ಲೇಮ್ ತಿರಸ್ಕರಿಸಲು ಅದೊಂದೇ ಕಾರಣ ಸಾಕು.

ಔಷಧಗಳ ವಿಷಯಕ್ಕೆ ಹೆಚ್ಚು ಗಮನ ಬೇಕು. ವಿದೇಶದಿಂದ ಬರುವವರು ಸ್ವಂತ ಬಳಕೆಗೆ ಸಾಮಾನ್ಯವಾಗಿ 90 ದಿನಗಳಿಗೆ ಮೀರದಷ್ಟು ಔಷಧ ತರಬೇಕೆಂಬುದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯ ಸೂಚನೆ. ನಿಮ್ಮದು ಐದು ತಿಂಗಳ ವಾಸವಾದ್ದರಿಂದ ಉಳಿದ ಮಾತ್ರೆಗಳನ್ನು ಇಲ್ಲಿಂದ ಕಳುಹಿಸಲು ಯಾರಿಗಾದರೂ ಈಗಲೇ ಹೇಳಿಡಿ. ಪೊಟ್ಟಣದ ಜೊತೆ ವೈದ್ಯರ ಪತ್ರ, ಚೀಟಿ, ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಗಳಿರಲಿ. ಅಲ್ಲೇ ಕೊಂಡರಾಯಿತೆಂದುಕೊಳ್ಳಬೇಡಿ. ನಮ್ಮಲ್ಲಿ ಸಕ್ಕರೆ ಕಾಯಿಲೆಗೆ ಧಾರಾಳವಾಗಿ ಬರೆಯುವ ವಿಲ್ಡಾಗ್ಲಿಪ್ಟಿನ್, ವೊಗ್ಲಿಬೋಸ್‌ನಂಥ ಔಷಧಗಳಿಗೆ ಅಲ್ಲಿ ಅನುಮತಿಯೇ ಇಲ್ಲ. ಮಾತ್ರೆಗಳು ಮೂಲ ಸ್ಟ್ರಿಪ್‌ಗಳಲ್ಲೇ, ಕೈಚೀಲದಲ್ಲೇ ಇರಲಿ. ಇನ್ಸುಲಿನ್ ಇದ್ದರಂತೂ ಅದನ್ನು ಲಗೇಜಿಗೆ ಹಾಕಲೇಬಾರದು, ಚಳಿಗೆ ಹೆಪ್ಪುಗಟ್ಟಿ ಕೆಡಬಹುದು.

ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ ‘ಬೆಳಿಗ್ಗೆ ಒಂದು ಬಿಳಿದು, ರಾತ್ರಿ ಒಂದು ಕೇಸರಿ’ ಎನ್ನುವವರನ್ನು ನನ್ನ ಕ್ಲಿನಿಕ್ಕಿನಲ್ಲಿ ದಿನವೂ ನೋಡುತ್ತೇನೆ. ಇಲ್ಲಿ ಹೇಗೋ ನಡೆಯುತ್ತದೆ, ಅಲ್ಲಿ ನಡೆಯದು. ಪ್ರತಿ ಔಷಧದ ಜೆನೆರಿಕ್ ಹೆಸರು, ಪ್ರಮಾಣ, ಹೊತ್ತು, ಅಲರ್ಜಿಗಳು, ಸ್ಟೆಂಟ್ ಹಾಕಿದ ತಾರೀಕು ಇಷ್ಟನ್ನೂ ಒಂದೇ ಹಾಳೆಯಲ್ಲಿ ನಿಮ್ಮ ಹೃದ್ರೋಗ ತಜ್ಞರಿಂದ ಬರೆಸಿ, ಸಹಿ ಹಾಕಿಸಿಕೊಳ್ಳಿ. ಯಜಮಾನರು ಆರೋಗ್ಯವಾಗಿರುವ ಈ ಹೊತ್ತಿನ ಒಂದು ಇಸಿಜಿ ತೆಗೆಸಿ ಫೋನಿನಲ್ಲಿಟ್ಟುಕೊಳ್ಳಿ. ಅಲ್ಲಿ ಎದೆನೋವು ಬಂದರೆ, ಇಸಿಜಿಯಲ್ಲಿ ಕಾಣುವ ಬದಲಾವಣೆ ಹೊಸದೋ ಹಳೆಯದೋ ಎಂದು ಹೋಲಿಸಲು ವೈದ್ಯರಿಗೆ ಅದು ಬೇಕಾಗುತ್ತದೆ. ಇನ್ನೊಂದು ಮಾತು: ನಮ್ಮ ಪ್ಯಾರಾಸಿಟಮಾಲ್‌ಗೆ ಅಲ್ಲಿನವರು ಅಸೆಟಮಿನೊಫೆನ್ ಎನ್ನುತ್ತಾರೆ. ಇಲ್ಲಿಂದ ಒಯ್ದ ಡೋಲೋ ನುಂಗಿ, ಮಗಳು ಕೊಟ್ಟ ಟೈಲೆನಾಲ್ ಅನ್ನೂ ನುಂಗಿದರೆ ಒಂದೇ ಔಷಧ ಎರಡು ಪಟ್ಟಾಗಿ ಯಕೃತ್ತಿಗೆ ಅಪಾಯ.

ಜ್ವರ, ಉರಿಮೂತ್ರ, ಕಾಲು ಉಳುಕಿದಂಥ ತೊಂದರೆಗಳಿಗೆ ‘ಅರ್ಜೆಂಟ್ ಕೇರ್’ ಎಂಬ ಕ್ಲಿನಿಕ್ಕುಗಳಿವೆ. ಎಮರ್ಜೆನ್ಸಿ ರೂಮಿಗಿಂತ ಅಲ್ಲಿನ ಖರ್ಚು ಬಹಳ ಕಡಿಮೆ. ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು ಇಂಥವು ಕಂಡರೆ ಲೆಕ್ಕ ಹಾಕುತ್ತ ಕೂರದೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಸ್ಟೆಂಟ್ ಹಾಕಿಸಿಕೊಂಡವರ ಎದೆಯುರಿಯನ್ನು ‘ಗ್ಯಾಸ್ಟ್ರಿಕ್’ ಎಂದು ಕರೆದು, ಜೀರಿಗೆ ಕಷಾಯ ಕುಡಿಸಿ ಬೆಳಗಿನವರೆಗೆ ಕಾಯುವ ನಮ್ಮ ಅಭ್ಯಾಸ ಮಲ್ಲೇಶ್ವರದಲ್ಲೂ ತಪ್ಪು, ನ್ಯೂಜೆರ್ಸಿಯಲ್ಲೂ ತಪ್ಪು. ತುರ್ತು ಸ್ಥಿತಿಯಲ್ಲಿ ಬಂದವರನ್ನು, ಹಣ ಕೊಡಬಲ್ಲರೋ ಇಲ್ಲವೋ ಎಂದು ನೋಡದೆ ಪರೀಕ್ಷಿಸಿ ಸ್ಥಿರಗೊಳಿಸಬೇಕೆಂದು ಅಲ್ಲಿನ ಬಹುತೇಕ ಎಲ್ಲ ಎಮರ್ಜೆನ್ಸಿ ವಿಭಾಗಗಳಿಗೂ ಅನ್ವಯಿಸುವ 1986ರ ಕಾನೂನಿದೆ. ಹಾಗೆಂದು ಅದು ಉಚಿತವಲ್ಲ, ಬಿಲ್ ಆಮೇಲೆ ಮನೆಗೆ ಬರುತ್ತದೆ. ಅಳಿಯಂದಿರ ಹೆದರಿಕೆಯಲ್ಲಿ ಹುರುಳಿಲ್ಲದಿಲ್ಲ. ವಿಮೆಯ ಸಹಾಯವಾಣಿಗೆ ಆದಷ್ಟು ಬೇಗ ತಿಳಿಸಿ, ಬಿಲ್ಲಿನ ಪ್ರತಿ ಬಾಬತ್ತಿನ ವಿವರ ಕೇಳಿ ಪಡೆಯಿರಿ. ಲಾಭರಹಿತ ಆಸ್ಪತ್ರೆಗಳು ಆರ್ಥಿಕ ನೆರವಿನ ಲಿಖಿತ ನೀತಿಯನ್ನು ಇಟ್ಟುಕೊಂಡಿರಬೇಕೆಂಬ ನಿಯಮವೂ ಇದೆ; ಪ್ರವಾಸಿಗರಿಗೆ ಅದು ಅನ್ವಯಿಸುತ್ತದೆಯೇ ಎಂದು ಆಯಾ ಆಸ್ಪತ್ರೆಯಲ್ಲಿ ವಿಚಾರಿಸಲು ಸಂಕೋಚ ಬೇಡ.

ಭಾಷೆಯ ಚಿಂತೆಯಿದ್ದರೆ ‘ಕನ್ನಡ ಇಂಟರ್‌ಪ್ರಿಟರ್’ ಎಂದು ಕೇಳಿ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯ ಸೇವೆಯನ್ನು ಉಚಿತವಾಗಿ ಒದಗಿಸಬೇಕು, ಹೆಚ್ಚಾಗಿ ಫೋನಿನ ಮೂಲಕ ಒದಗಿಸುತ್ತವೆ. ಹಸಿ ಬಾಣಂತಿ ಮಗಳನ್ನು ರಾತ್ರಿ ಆಸ್ಪತ್ರೆಗೆ ಎಳೆದೊಯ್ಯುವುದೂ ತಪ್ಪುತ್ತದೆ.

ನಿಮ್ಮ ಪತ್ರದ ತುಂಬ ಯಜಮಾನರ ಕಾಯಿಲೆಗಳೇ ಇವೆ, ನಿಮ್ಮ ವಯಸ್ಸಿನ ಹೊರತು ನಿಮ್ಮ ಬಗ್ಗೆ ಒಂದಕ್ಷರವೂ ಇಲ್ಲ. ಅಡಿಗೆ, ಎಣ್ಣೆನೀರು, ರಾತ್ರಿ ಜಾಗರಣೆ ಎಲ್ಲವೂ ಬೀಳುವುದು ನಿಮ್ಮ ಮೇಲೆಯೇ. ಹೊರಡುವ ಮೊದಲು ನಿಮ್ಮ ಬಿ.ಪಿ., ಸಕ್ಕರೆ, ಹಲ್ಲು ಇವನ್ನೂ ತೋರಿಸಿಕೊಂಡು, ನಿಮ್ಮ ಹೆಸರಿನಲ್ಲೂ ಅಂಥದ್ದೇ ಒಂದು ಹಾಳೆ ಬರೆಸಿಟ್ಟುಕೊಳ್ಳಿ.