ಪ್ಯಾರಿಷ್ ಕೌನ್ಸಿಲರ್ ಮೇಲೆ ದೂರು ಯಾರಿಗೆ ಕೊಡೋದು?

ಇಂಗ್ಲೆಂಡಿನ ನಿಮ್ಮ ಪ್ಯಾರಿಷ್ ಕೌನ್ಸಿಲರ್ (ನಮ್ಮ ಗ್ರಾಮ ಪಂಚಾಯಿತಿ ಸದಸ್ಯರಂತೆ, ಊರಮಟ್ಟದ ಕೌನ್ಸಿಲಿನ ಸದಸ್ಯರು) ಸಭೆಯಲ್ಲೇ ನಿಮ್ಮ ಮೇಲೆ ಕೂಗಾಡಿದರು, ದೂರು ಯಾರಿಗೆ ಅಂತ ಕೇಳಿದ್ದೀರಿ. ಪ್ಯಾರಿಷ್‌ಗಲ್ಲ ಸರ್, ಅದರ ಮೇಲಿನ ಡಿಸ್ಟ್ರಿಕ್ಟ್ ಅಥವಾ ಯೂನಿಟರಿ (ಒಂದೇ ಹಂತದ) ಕೌನ್ಸಿಲ್ಲಿನ ಮಾನಿಟರಿಂಗ್ ಆಫೀಸರ್‌ಗೆ, ಅಂದರೆ ಕೌನ್ಸಿಲರ್‌ಗಳ ನಡತೆಯ ದೂರು ನೋಡಿಕೊಳ್ಳುವ ಅಧಿಕಾರಿಗೆ. ಕೂಗಾಡಿದವರು ಆ ಹೊತ್ತಿಗೆ ಕೌನ್ಸಿಲರ್ ಆಗಿ ಮಾತಾಡುತ್ತಿದ್ದರೋ ಇಲ್ಲವೋ ಅನ್ನೋದನ್ನ ಆ ಅಧಿಕಾರಿ ಮೊದಲು ನೋಡುತ್ತಾರೆ. ಪಬ್ಬಿನಲ್ಲಿ ಆದ ಖಾಸಗಿ ಜಗಳವಾದರೆ ದೂರು ಅಲ್ಲಿಗೇ ನಿಲ್ಲುತ್ತೆ. "ಅಹಂಕಾರಿ" ಅಂತೆಲ್ಲ ಬರೀಬೇಡಿ. ದಿನಾಂಕ, ಆಡಿದ ಮಾತು ಇದ್ದಹಾಗೇ, ಕೇಳಿಸಿಕೊಂಡವರು ಯಾರು, ಇಷ್ಟು ಸಾಕು. ತನಿಖೆ ನಡೆದರೆ, ತೀರ್ಮಾನಕ್ಕೆ ಮುಂಚೆ 'ಸ್ವತಂತ್ರ ವ್ಯಕ್ತಿ'ಯೊಬ್ಬರ (ಕೌನ್ಸಿಲ್ ನೇಮಿಸಿದ, ಆದರೆ ಅದರ ಸದಸ್ಯರೂ ಸಿಬ್ಬಂದಿಯೂ ಅಲ್ಲದವರ) ಅಭಿಪ್ರಾಯ ಪಡೆಯಲೇಬೇಕು. ಆದರೆ 2011ರ ಲೋಕಲಿಸಂ ಕಾಯ್ದೆ ಸಸ್ಪೆಂಡ್ ಮಾಡುವ ಅಧಿಕಾರ ಕೊಟ್ಟಿಲ್ಲ. ಖಂಡನೆ, ತರಬೇತಿಯ ಶಿಫಾರಸು, ಹೆಚ್ಚುಕಮ್ಮಿ ಅಷ್ಟೇ. ಹಲ್ಲಿಲ್ಲದ ಹಾವು ಅಂತ ನನಗನ್ನಿಸುತ್ತೆ. ಆದರೆ ಕೌನ್ಸಿಲರ್ ತಮ್ಮ ಹಣಕಾಸಿನ ಹಿತಾಸಕ್ತಿಯನ್ನ ಸರಿಯಾದ ಕಾರಣವಿಲ್ಲದೆ ತಿಳಿಸದೇ ಇದ್ದರೆ ಅದು ಕ್ರಿಮಿನಲ್ ಅಪರಾಧ, ಪೊಲೀಸರ ಕೆಲಸ.