ದಾವಣಗೆರೆಯಲ್ಲಿ ಸುತ್ತಲಿನ ಸದ್ದಿಗೆ ಎಲೆಕ್ಟ್ರಾನಿಕ್ ಸ್ವರ ಸೇರಿಸಿ ಸಂಗೀತ ಮಾಡಬೇಕು. ಸಿಂಥ್ (ಎಲೆಕ್ಟ್ರಾನಿಕ್ ಸ್ವರ ಹುಟ್ಟಿಸುವ ವಾದ್ಯ) ಮೊದಲು ಕೊಳ್ಳಲೋ, ರೆಕಾರ್ಡರೋ?

ಎರಡೂ ಬೇಡ, ಕೈಯಲ್ಲಿರುವ ಮೊಬೈಲೇ ಸಾಕು. ನಾನು ಇದೇ ಊರಲ್ಲಿ ಇದೇ ಲೆಕ್ಕಾಚಾರ ಹಾಕಿ, ಸಾಲ ಮಾಡಿ ರೆಕಾರ್ಡರ್ ತಂದವನು.

ತಂದವನೇ ಮಂಡಕ್ಕಿ ಭಟ್ಟಿಗೆ ಹೋದೆ. ಕಾದ ಮರಳಿಗೆ ಅಕ್ಕಿ ಬಿದ್ದಾಗ ಮೊದಲು ಸುಯ್ ಅನ್ನುತ್ತೆ, ಆಮೇಲೆ ಅಲ್ಲೊಂದು ಇಲ್ಲೊಂದು ಚಟ್, ನೋಡನೋಡುತ್ತಲೇ ಚಟಪಟ ಸುರಿಮಳೆ. ಜರಡಿ ಹಿಡಿದರೆ ಮರಳು ಸರಸರ ಇಳಿಯುತ್ತೆ. ಅಷ್ಟೂ ರೆಕಾರ್ಡ್ ಮಾಡಿದೆ, ಅಷ್ಟೂ ಹಾಳಾಯಿತು. ಆಟೋ ಗೇನ್ ಆನ್ ಇತ್ತು. ಗೇನ್ ಅಂದರೆ ಮೈಕಿನ ಸದ್ದನ್ನು ಎಷ್ಟು ಏರಿಸಿ ಹಿಡಿಯಬೇಕು ಅನ್ನುವ ಮಟ್ಟ.

ಇದನ್ನು ಬಿಡಿಸಿ ಹೇಳಲೇಬೇಕು. ಸದ್ದು ಜೋರಾದರೆ ಯಂತ್ರ ತಾನೇ ತಗ್ಗಿಸುತ್ತೆ, ಸಣ್ಣದಾದರೆ ತಾನೇ ಏರಿಸುತ್ತೆ. ಭಾಷಣ ರೆಕಾರ್ಡ್ ಮಾಡಲು ಸರಿ. ಭಟ್ಟಿಯಲ್ಲಿ ಅಕ್ಕಿ ಅರಳುವ ಹೊತ್ತಿಗೆ ಸದ್ದು ಕುಗ್ಗಿತು. ಅರಳಿ ಮುಗಿದ ಬಿಡುವಿನಲ್ಲಿ ಒಲೆಯ ಭೋರ್ ಉಬ್ಬಿಕೊಂಡು ಬಂತು. ಏರಿಳಿತವೇ ಸಂಗೀತ, ಅದೇ ಮಟ್ಟಸವಾಗಿ ಹೋಯಿತು. ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡೋಣ ಅಂದರೆ, ಯಾವ ಕ್ಷಣದಲ್ಲಿ ಎಷ್ಟು ತಗ್ಗಿಸಿತ್ತು ಅನ್ನುವುದು ಫೈಲಿನಲ್ಲಿ ಎಲ್ಲೂ ಇರಲ್ಲ. ಮತ್ತೆ ಹೋಗುವಷ್ಟರಲ್ಲಿ ಆ ಭಟ್ಟಿ ಮುಚ್ಚಿತ್ತು. ಮೊಬೈಲಿನದೂ ಇದೇ ಕಥೆ. ಗೇನ್ ಕೈಯಲ್ಲೇ ಇಡಲು ಬಿಡುವ ಆ್ಯಪ್ ಹಾಕಿಕೊಳ್ಳಿ, ಅತಿ ಜೋರು ಸದ್ದೂ ಆ್ಯಪಿನ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ದಾಟದ ಹಾಗೆ ಇಡಿ; ಅಲ್ಲಿ ಸೊನ್ನೆಯೇ ತುತ್ತತುದಿ, ದಾಟಿದರೆ ಸದ್ದು ಒಡೆಯುತ್ತೆ.

ಸಿಂಥ್ ಯಾಕೆ? 1948ರಲ್ಲಿ ಪ್ಯಾರಿಸ್ ರೇಡಿಯೋದಲ್ಲಿ ಪಿಯೆರ್ ಷೆಫರ್ ಎಂಬ ಸಂಗೀತಗಾರ ರೈಲಿನ ಸದ್ದನ್ನು ಡಿಸ್ಕಿಗೆ ಹಿಡಿದೇ ಕೃತಿ ಕಟ್ಟಿದ. ನಿಮಗೆ ಎಲೆಕ್ಟ್ರಾನಿಕ್ ಸ್ವರ ಬೇಕೇಬೇಕು ಅಂದರೆ ಕಂಪ್ಯೂಟರಿನಲ್ಲಿ ಸದ್ದು ತಿದ್ದುವ ಅಡಾಸಿಟಿ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ಜನರೇಟ್ ಮೆನುವಿನಲ್ಲಿ ಟೋನ್ ಇದೆ.

ಮೊದಲ ಪಾಠ ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ. ಒಂದೊಂದು ಆವರ್ತಕ್ಕೂ ಒಳಗಿನ ಕಬ್ಬಿಣ ಎರಡು ಸಲ ಅದುರುತ್ತೆ, ಹಾಗಾಗಿ ಆ ಗುಂಯ್ ಸುಮಾರು 100 ಹರ್ಟ್ಸ್. ಬೇಲಿಯ ಹೊರಗೇ ನಿಂತು ರೆಕಾರ್ಡ್ ಮಾಡಿ, ಅದರ ಜೊತೆ 101 ಹರ್ಟ್ಸ್‌ನ ಸೈನ್ ಟೋನ್ (ಒಂದೇ ಕಂಪನದ ಶುದ್ಧ ಸ್ವರ) ಇಡಿ. ತಂಬೂರಿಯ ಎರಡು ತಂತಿ ಕೂದಲೆಳೆಯಷ್ಟು ಶ್ರುತಿ ತಪ್ಪಿದಾಗ ಬರುತ್ತಲ್ಲ, ಅದೇ ಅಲೆ ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ಉಬ್ಬಿ ಇಳಿಯುತ್ತೆ. ಸ್ವರ ಸದ್ದಿನ ಒಳಗಿಂದಲೇ ಹುಟ್ಟಬೇಕು. ರೆಕಾರ್ಡಿಂಗ್ ಸಪ್ಪೆ ಅಂತ ಮೇಲಿಂದ ಸ್ವರ ಸುರಿಯುವುದು ನನಗಂತೂ ಸಹಿಸಕ್ಕಾಗಲ್ಲ.

ಮೊಬೈಲ್ ಸ್ಪೀಕರಿನಲ್ಲಿ 100 ಹರ್ಟ್ಸ್ ಸರಿಯಾಗಿ ಕೇಳಲ್ಲ. ದುಡ್ಡು ಹಾಕಲೇಬೇಕೆಂದರೆ ಒಳ್ಳೆ ಹೆಡ್‌ಫೋನಿಗೆ ಹಾಕಿ, ಜೊತೆಗೆ ಮೈಕಿಗೊಂದು ತುಪ್ಪಳದ ಹೊದಿಕೆ. ಚಿತ್ರದುರ್ಗದ ಕೋಟೆ ಹತ್ತಿದರೆ ಆ ಹೊದಿಕೆ ಇಲ್ಲದೆ ಗಾಳಿಯ ಭರಭರ ಬಿಟ್ಟು ಬೇರೇನೂ ಸಿಗಲ್ಲ.